ಮೀಸೆ, ಕಡಕ್ ರೊಟ್ಟಿ ಮತ್ತು ಜಾಲಿ ಬಾಯ್

ಮೊದಲು ಮೀಸೆಯ ವಿಷಯ ಹೇಳಿಬಿಡುತ್ತೇನೆ. ಹೋಗುವ ಮುಂಚೆ ಸ್ನಾರ್ಕೆಲಿಂಗ್, ಅಂದರೆ ಕಣ್ಣು ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಿಗೆ ಕೊಳವೆ ಕಚ್ಚಿ, ಬೋರಲು ತೇಲುತ್ತಾ ನೀರೊಳಗೆ ನೋಡುವುದು, ಅದರ ಬಗ್ಗೆ ಎಷ್ಟೋ ವಿಡಿಯೋ ನೋಡಿದ್ದೆ, ಒಬ್ಬರೂ ಇದನ್ನು ಹೇಳಿರಲಿಲ್ಲ. ದಪ್ಪ ಮೀಸೆ ಇದ್ದರೆ ಮಾಸ್ಕಿನೊಳಗೆ ನೀರು ಬರುತ್ತದೆ. ಮಾಸ್ಕಿನ ಸಿಲಿಕಾನ್ ಅಂಚು ಮೂಗಿನ ಕೆಳಗಿನ ಚರ್ಮಕ್ಕೆ ಗಟ್ಟಿಯಾಗಿ ಕೂರಬೇಕು, ನಡುವೆ ಕೂದಲು ಸಿಕ್ಕಿದರೆ ನೀರಿಗೆ ಅದೇ ದಾರಿ. ಅಂಡಮಾನಿನ ಜಾಲಿ ಬಾಯ್ ದ್ವೀಪದಲ್ಲಿ ಮೊದಲ ಹತ್ತು ನಿಮಿಷ ನಾನು ಯಾವ ಹವಳವನ್ನೂ ನೋಡಲಿಲ್ಲ, ಮೂಗಿಗೆ ಹೋದ ಉಪ್ಪುನೀರನ್ನು ಸೀನಿ ಸೀನಿ ಹೊರಗೆ ಹಾಕುತ್ತಾ ನಿಂತಿದ್ದೆ. ದಂಡೆಯಲ್ಲಿ ಕೂತಿದ್ದ ಹೆಂಡತಿ, "ಮೀಸಿ ಸಣ್ಣ ಮಾಡಸ್ರಿ ಅಂತ ಗದಗಿನಾಗ ಹೇಳಿದ್ದೆ, ಕೇಳಿದ್ರೇನು?" ಅಂದಳು. ಅವಳು ಹೇಳಿದ್ದು ಫೋಟೋ ಚೆಂದ ಬರಲಿ ಅಂತ, ಆದರೂ ಗೆದ್ದವಳು ಅವಳೇ.

ನಾವು ಗದಗಿನವರು. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಜಾಲಿ ಬಾಯ್‌ಗೆ ಹೋಗ್ತೀವಿ ಅಂದಾಗ ನಮ್ಮವ್ವ, "ಜಾಲಿ ಗಿಡ ನೋಡಾಕ ಅಷ್ಟು ದೂರ ಯಾಕ ಹೊಂಟೀರಿ, ಹೊಲದ ಬದುವಿನ್ಯಾಗ ಅದಾವಲ್ಲ" ಅಂದಿದ್ದಳು.

ನಮ್ಮ ಕರಾವಳಿಯ ನೇತ್ರಾಣಿ ದ್ವೀಪ ಹತ್ತಿರ ಇತ್ತಲ್ವಾ ಅಂತ ನೀವು ಕೇಳಬಹುದು. ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದು, ನಮ್ಮ ಕಡೆಯವರಿಗೆ ಖರ್ಚೂ ಕಡಿಮೆ. ಆದರೆ ಅಲ್ಲಿ ದ್ವೀಪದ ಮೇಲೆ ಇಳಿಯಲು ಬಿಡುವುದಿಲ್ಲ, ಸುತ್ತ ಕಡಿದಾದ ಬಂಡೆ, ದೋಣಿಯಿಂದಲೇ ನೀರಿಗೆ ಇಳಿಯಬೇಕು. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾದವರಿಗೆ ಅದು ಸರಿ. ನಮಗೆ ಮರಳು ಬೇಕಿತ್ತು, ಮರದ ನೆರಳು ಬೇಕಿತ್ತು, ಈಜು ಬಾರದ ಹೆಂಡತಿಯೂ ಮೊಣಕಾಲುದ್ದದ ನೀರಿನಲ್ಲಿ ನಿಲ್ಲುವಂತಿರಬೇಕಿತ್ತು.

ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್. ಊರಿಗೆ ಈಗ ಶ್ರೀ ವಿಜಯಪುರಂ ಅಂತ ಹೆಸರು, 2024ರಲ್ಲಿ ಬದಲಾಯಿಸಿದರು, ಆಟೋದವರು ಮಾತ್ರ ಹಳೆಯದನ್ನೇ ಹೇಳುತ್ತಾರೆ. ಅಲ್ಲಿ ಬೆಳಗ್ಗೆ ಐದೂವರೆಗೆಲ್ಲ ಚೆನ್ನಾಗಿ ಬೆಳಕು, ಸಂಜೆಯೂ ಹಾಗೇ ಬೇಗ ಕತ್ತಲು. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಮುಂದೆ. ಅದಕ್ಕೇ ಎಲ್ಲ ಕೆಲಸ ಬೆಳಗ್ಗೆಯೇ ಇಟ್ಟುಕೊಳ್ಳಿ.

ಜಾಲಿ ಬಾಯ್ ಇರುವುದು ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗೆ. 1983ರಲ್ಲಿ ಆದದ್ದು, ಸುಮಾರು 281 ಚದರ ಕಿಲೋಮೀಟರ್, 15 ದ್ವೀಪ. ಅದರಲ್ಲಿ ನಮ್ಮಂಥವರನ್ನು ಬಿಡುವುದು ಎರಡಕ್ಕೆ ಮಾತ್ರ, ಅದೂ ಸರದಿಯ ಮೇಲೆ. ಒಣ ತಿಂಗಳುಗಳಲ್ಲಿ ಜಾಲಿ ಬಾಯ್, ಮಳೆಗಾಲದ ಹೊತ್ತಿಗೆ ಅದನ್ನು ಮುಚ್ಚಿ ರೆಡ್ ಸ್ಕಿನ್. ಒಂದು ಹೊಲ ಬೀಳು ಬಿಟ್ಟು ಇನ್ನೊಂದನ್ನು ಬಿತ್ತಿದ ಹಾಗೆ. ನಾವು ಫೆಬ್ರವರಿಯಲ್ಲಿ ಹೋಗಿದ್ದೆವು. ಅರಣ್ಯ ಇಲಾಖೆಯ ಪರ್ಮಿಟ್ ಬೇಕು, ಗುರುತಿನ ಚೀಟಿ ಬೇಕು, ಸೋಮವಾರ ರಜೆ. ಪರ್ಮಿಟ್ಟನ್ನು ಹಿಂದಿನ ದಿನವೇ ಕೈಗೆ ಮಾಡಿಕೊಳ್ಳಿ, ನಾವು ಹಾಗೆ ಮಾಡಿದ್ದಕ್ಕೆ ಬೆಳಗಿನ ಗದ್ದಲ ತಪ್ಪಿತು.

ದೋಣಿ ಹೊರಡುವುದು ವಂಡೂರ್ ಜೆಟ್ಟಿಯಿಂದ, ಊರಿಂದ ಸುಮಾರು 30 ಕಿಲೋಮೀಟರ್. ಪಕ್ಕದ ದಂಡೆಯಲ್ಲಿ ಮೊಸಳೆ ಇದೆ ಅಂತ ಎಚ್ಚರಿಕೆಯ ಬೋರ್ಡು ಹಾಕಿದ್ದಾರೆ. ಅದು ಸುಮ್ನೆ ಹೆದರಿಸಲು ಹಾಕಿದ್ದಲ್ಲ, ಅಲ್ಲಿ ಎಲ್ಲೆಂದರಲ್ಲಿ ನೀರಿಗೆ ಇಳಿಯಬೇಡಿ.

ಜೆಟ್ಟಿಯಲ್ಲಿ ಚೀಲ ಬಿಚ್ಚಿ ನೋಡುತ್ತಾರೆ. ಪ್ಲಾಸ್ಟಿಕ್ ಕವರು, ಚಿಪ್ಸ್ ಪ್ಯಾಕೆಟ್ಟು ಯಾವುದೂ ಆ ಕಡೆ ದಾಟುವಂತಿಲ್ಲ. ನೀರಿನ ಬಾಟಲಿಯನ್ನು ಎಣಿಸಿ ಠೇವಣಿ ಇಟ್ಟುಕೊಳ್ಳುತ್ತಾರೆ, ಅಷ್ಟೂ ಬಾಟಲಿ ವಾಪಸ್ ತೋರಿಸಿದರೆ ದುಡ್ಡು ವಾಪಸ್. ನಮ್ಮ ಮುಂದಿದ್ದ ದೊಡ್ಡ ಕುಟುಂಬವೊಂದು ಬಿಸ್ಕತ್ತು, ಖಾರಾ ಎಲ್ಲ ಪ್ಯಾಕೆಟ್ ಹರಿದು ಅಲ್ಲೇ ನಿಂತು ತಿನ್ನುತ್ತಿತ್ತು. ನಮ್ಮ ಬುತ್ತಿ ಮಾತ್ರ ಸಲೀಸಾಗಿ ಪಾಸಾಯಿತು. ಊರಿಂದ ಹೊತ್ತು ತಂದ ಕಡಕ್ ರೊಟ್ಟಿ ಬಿಳಿ ಪಂಚೆಯ ಬಟ್ಟೆಯಲ್ಲಿ, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ. ಸಿಬ್ಬಂದಿ ಒಬ್ಬರು ರೊಟ್ಟಿ ಬಡಿದು ನೋಡಿ, ಇದು ತಿನ್ನುವ ಸಾಮಾನೇ ಅಂತ ಹಿಂದಿಯಲ್ಲಿ ಕೇಳಿದರು. ಒಂದು ಚೂರು ಮುರಿದು ಕೊಟ್ಟೆ. ಆಮೇಲೆ ಏನೂ ಕೇಳಲಿಲ್ಲ. ದ್ವೀಪದಲ್ಲಿ ಅಂಗಡಿ, ಹೋಟೆಲು ಏನೂ ಇಲ್ಲ, ರಾತ್ರಿ ಉಳಿಯುವಂತಿಲ್ಲ, ಹಾಗಾಗಿ ಬುತ್ತಿ ಬೇಕೇ ಬೇಕು. ಮೂತ್ರಕ್ಕೆ ಹೋಗುವುದನ್ನೂ ಜೆಟ್ಟಿಯಲ್ಲೇ ಮುಗಿಸಿಕೊಳ್ಳಿ. ಇಷ್ಟು ಕಟ್ಟುನಿಟ್ಟು ಜಾಸ್ತಿ ಆಯ್ತು ಅಂತ ಆಗ ನಾನೂ ಗೊಣಗಿದ್ದೆ. ಆದರೆ ದ್ವೀಪದಲ್ಲಿ ಇಳಿದು ಅರ್ಧ ಗಂಟೆ ಮರಳಿನಲ್ಲಿ ಅಡ್ಡಾಡಿದರೂ ಒಂದು ಗುಟ್ಕಾ ಚೀಟಿ ಕಾಣಲಿಲ್ಲ. ನಮ್ಮ ಕಪ್ಪತಗುಡ್ಡವೂ 2019ರಿಂದ ವನ್ಯಜೀವಿ ಧಾಮವೇ, ಅಲ್ಲಿ ನಾನು ಎಷ್ಟು ಚೀಟಿ ನೋಡಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ.

ಈಗ ನೀರಿನ ವಿಷಯ. ನಾನು ಈಜು ಕಲಿತದ್ದು ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿಕೊಂಡು. ಬಾವಿ ಈಜಿನವರಿಗೆ ಒಂದು ಚಾಳಿ ಇರುತ್ತದೆ, ತಲೆ ಮೇಲೆ ಎತ್ತಿ ಕೈಕಾಲು ಬಡಿಯುವುದು. ಸ್ನಾರ್ಕೆಲಿಂಗ್‌ಗೆ ಬೇಕಾದದ್ದು ಅದರ ಪೂರ್ತಿ ಉಲ್ಟಾ. ಮುಖ ನೀರೊಳಗೆ, ಉಸಿರು ಬಾಯಲ್ಲಿ, ಮೈ ಸಡಿಲ. ಮೂಗು ಮಾಸ್ಕಿನೊಳಗೆ ಮುಚ್ಚಿರುತ್ತದೆ. ಬಾಯಿಗೆ ಕಚ್ಚಿದ ಕೊಳವೆಯಲ್ಲಿ ನಿಧಾನವಾಗಿ ಎಳೆದು ನಿಧಾನವಾಗಿ ಬಿಡಬೇಕು. ನಾನು ಮೊದಲು ಗಾಬರಿಯಲ್ಲಿ ಚುಟುಕು ಚುಟುಕು ಉಸಿರು ತೆಗೆದು ಎರಡೇ ನಿಮಿಷಕ್ಕೆ ಸುಸ್ತಾದೆ. ಗೈಡು ಹುಡುಗ ತೇಲುವ ಗಾಳಿ ಟ್ಯೂಬೊಂದನ್ನು ಹಿಡಿಸಿ, ನೀವು ಏನೂ ಮಾಡಬೇಡಿ, ಸುಮ್ಮನೆ ತೇಲಿ ಅಂದ. ಏನೂ ಮಾಡದೇ ಇರುವುದು ನನಗೆ ಬಹಳ ಕಷ್ಟವಾಯಿತು ನೋಡಿ. ಕೊಳವೆಗೆ ನೀರು ನುಗ್ಗಿದರೆ ಒಲೆಯ ಊದುಗೊಳವೆಗೆ ಊದುತ್ತೇವಲ್ಲ, ಹಾಗೆ ಒಂದೇ ಸಲ ಜೋರಾಗಿ ಊದಬೇಕು, ಪೂರ್ತಿ ಹೊರಗೆ ಹೋಗುತ್ತದೆ.

ಮಾಸ್ಕ್ ಸರಿ ಕೂತಿದೆಯೋ ಇಲ್ಲವೋ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಒಳಕ್ಕೆ ಎಳೆಯಿರಿ. ಕೈ ಬಿಟ್ಟರೂ ಬೀಳಬಾರದು. ನಾನು ಮನೆಯಲ್ಲಿ ಕನ್ನಡಿ ಮುಂದೆ ಪಟ್ಟಿ ಬಿಗಿದು ನೋಡಿ ಖುಷಿಪಟ್ಟಿದ್ದೆ, ಅದು ತಪ್ಪು. ಪಟ್ಟಿ ಬಿಗಿದಷ್ಟೂ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತದೆ. ಗಾಜು ಮಂಜಾಗದಿರಲು ಒಳಗೆ ಉಗುಳಿ ಒರೆಸಿ ತೊಳೆಯಬೇಕು, ಅಸಹ್ಯ ಅನ್ನಿಸಿದರೂ ಕೆಲಸ ಮಾಡುತ್ತದೆ. ಮೀಸೆಗೆ ನಾನು ಮಾಡಿದ್ದು ಇಷ್ಟೇ, ಹೆಂಡತಿಯ ಚೀಲದ ಸಣ್ಣ ಕತ್ತರಿಯಿಂದ ಮೂಗಿನ ಕೆಳಗೆ ಒಂದು ಗೆರೆಯಷ್ಟು ಕತ್ತರಿಸಿದೆ. ಆಮೇಲೆ ಒಂದು ಹನಿ ಬರಲಿಲ್ಲ.

ಆಗ ಕಂಡದ್ದು ಹೇಳಬೇಕು. ದಂಡೆಯಿಂದ ಸ್ವಲ್ಪವೇ ದೂರ ಹೋಗುತ್ತಲೇ ಕೆಳಗೆ ಹವಳ ಶುರು. ಫೋಟೋಗಳಲ್ಲಿ ನೋಡಿದ ಹಾಗೆ ಗುಲಾಬಿ, ಕೆಂಪು ಅಂತ ಕಾದಿದ್ದರೆ ನಿರಾಸೆ ಆಗುತ್ತದೆ. ಹೆಚ್ಚಿನ ಹವಳ ಕಂದು, ಗೋಧಿ ಬಣ್ಣ, ಹಸಿರು ಮಿಶ್ರ. ಅದೇ ಆರೋಗ್ಯದ ಬಣ್ಣ. ಹವಳ ಕಟ್ಟುವ ಪುಟ್ಟ ಜೀವಿಯ ಮೈಯಲ್ಲಿ ಪಾಚಿ ಇರುತ್ತದೆ, ಬಿಸಿಲಿನಲ್ಲಿ ಅಡಿಗೆ ಮಾಡಿ ಆ ಜೀವಿಗೆ ಉಣಿಸುವುದು ಪಾಚಿಯೇ. ನೀರು ಬಿಸಿಯಾದಾಗ ಪಾಚಿ ಹೊರಟುಹೋಗಿ ಹವಳ ಬೆಳ್ಳಗಾಗುತ್ತದೆ, ಹಾಗೇ ಜಾಸ್ತಿ ದಿನ ಇದ್ದರೆ ಸಾಯುತ್ತದೆ. ಅಂಡಮಾನಿನಲ್ಲಿ 2010ರಲ್ಲಿ ಹೀಗೆ ತುಂಬಾ ಹವಳ ಬಿಳಿಚಿಕೊಂಡಿತ್ತು. ಮುರಿದ ಕೊಂಬೆಗಳ ರಾಶಿ ಕೆಲವು ಕಡೆ ನಾನೂ ನೋಡಿದೆ, ಸುಟ್ಟ ಕಟ್ಟಿಗೆ ಹರವಿದ ಹಾಗೆ.

ಆದರೆ ಮೀನು! ಗಿಣಿಮೀನು ಅಂತ ಒಂದಿದೆ, ಗಿಣಿಯ ಕೊಕ್ಕಿನಂಥ ಬಾಯಿ. ಅದು ಹವಳದ ಕಲ್ಲನ್ನು ಕಚ್ಚಿ ಪಾಚಿ ತಿನ್ನುತ್ತದೆ. ಕಿವಿ ನೀರೊಳಗೆ ಇಟ್ಟು ಅಲುಗಾಡದೆ ತೇಲಿದರೆ ಆ ಸದ್ದು ಕೇಳಿಸುತ್ತದೆ, ಕಟಂ ಕಟಂ ಅಂತ, ಥೇಟ್ ಕಡಕ್ ರೊಟ್ಟಿ ಮುರಿದ ಸದ್ದು. ಅದು ಪುಡಿಮಾಡಿ ಹೊರಗೆ ಬಿಟ್ಟ ಕಲ್ಲೇ ಬಿಳಿ ಮರಳಾಗುತ್ತದೆ. ನಾವು ಕೂತು ಊಟ ಮಾಡಿದ ಮರಳಿನಲ್ಲಿ ಅದರ ಪಾಲೂ ಇತ್ತು ಅಂತ ಹೆಂಡತಿಗೆ ಹೇಳಿದೆ. ಊಟ ಮುಗಿದ ಮೇಲೆ ಹೇಳಬೇಕಿತ್ತು.

ಕಾಲು ಕೆಳಗೆ ಊರಬಾರದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇಳಿತದ ಹೊತ್ತಿನಲ್ಲಿ ಹವಳ ಹೊಟ್ಟೆಗೆ ತಾಗುವಷ್ಟು ಹತ್ತಿರ ಬರುತ್ತದೆ, ಆಗ ಹೆದರಿ ಎದ್ದು ನಿಲ್ಲುವವರೇ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಪಂಚಾಂಗ ನೋಡಿ ಆ ದಿನಗಳನ್ನು ಬಿಟ್ಟು ಆರಿಸಿ, ನಮ್ಮ ಜನಕ್ಕೆ ಅದೇನು ಕಷ್ಟವಲ್ಲ. ಮತ್ತೊಂದು, ತುಂಬುತೋಳಿನ ಅಂಗಿ ಹಾಕಿದ್ದೆ, ಬೆನ್ನು ಉಳಿಯಿತು. ಕಾಲಿನ ಮೀನಖಂಡ ಮಾತ್ರ ಸುಟ್ಟು ಎರಡು ದಿನ ಕೂರಲು ಆಗಲಿಲ್ಲ. ಬೋರಲು ತೇಲುವವರಿಗೆ ಬಿಸಿಲು ಬೀಳುವುದು ಹಿಂದಿನ ಕಡೆ ಅಂತ ಹೊಳೆದೇ ಇರಲಿಲ್ಲ.

ಶಂಖ, ಹವಳದ ಚೂರು ಏನೂ ತರುವಂತಿಲ್ಲ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಜೇಬಿನಲ್ಲಿ ಸೇರಿಕೊಂಡಿದ್ದ ಒಂದು ತುಣುಕನ್ನು ದೋಣಿ ಹತ್ತುವ ಮುಂಚೆ ಅಲ್ಲೇ ಬಿಟ್ಟೆ.

ಊರಿಗೆ ಬಂದು ಅಕ್ಕನ ಮಗನಿಗೆ ಕಲಿಸೋಣ ಅಂತ ಮಾಸ್ಕ್, ಕೊಳವೆ ತೆಗೆದುಕೊಂಡು ಹೊಲದ ಬಾವಿಗೆ ಕರೆದೊಯ್ದೆ. ಅವನು ಮುಖ ಮುಳುಗಿಸಿ ಬಹಳ ಹೊತ್ತು ನೋಡಿದ, ಅಲುಗಾಡಲೇ ಇಲ್ಲ, ನನಗಿಂತ ಚೆನ್ನಾಗಿ ತೇಲಿದ. ಆಮೇಲೆ ತಲೆ ಎತ್ತಿ, "ಮಾಮಾ, ಏನೂ ಕಾಣವಲ್ದು, ಬರೇ ಹಸರು" ಅಂದ.