ಟೆಕ್ಸಸ್ ಬೇಲಿಯೊಳಗಿನ ಚಿಗರಿಗಳು: ನನ್ನ ಅನುಭವ

ನಾನು ರಾಣೆಬೆನ್ನೂರು ಕಡೆಯವನು. ನಮ್ಮಲ್ಲಿ ಕೃಷ್ಣಮೃಗಕ್ಕೆ ಚಿಗರಿ ಅಂತಾರೆ. 1974ರಲ್ಲಿ ಅವುಗಳಿಗಾಗಿ ಅಭಯಾರಣ್ಯ ಆಯಿತು, ಆದರೂ ಗೋವಿನಜೋಳ ಮೊಳಕೆ ಬಂತೆಂದರೆ ನಮ್ಮ ಹೊಲದಲ್ಲೇ ಹಾಜರು. ಓಡಿಸಬಹುದು, ಅಷ್ಟೇ. ಈಗ ಟೆಕ್ಸಸ್‌ನ ಎಡ್ವರ್ಡ್ಸ್ ಪ್ರಸ್ಥಭೂಮಿಯಲ್ಲಿ ಬೇಟೆಗೆಂದು ಪ್ರಾಣಿ ಸಾಕುವ ಒಂದು ರ‍್ಯಾಂಚ್‌ನಲ್ಲಿ ಅದೇ ಚಿಗರಿ ನೋಡಿಕೊಳ್ಳುವುದು ನನ್ನ ಕೆಲಸ.

"ಅಣ್ಣಾ, ರೊಕ್ಕ ಕೊಟ್ಟು ಚಿಗರಿ ಹೊಡೀತಾರಂತ, ಖರೇನಾ?" ಅಂತ ತಮ್ಮ ಫೋನಲ್ಲಿ ಕೇಳುತ್ತಾನೆ. ಖರೇನೇ. ಚಿಗರಿ, ಚುಕ್ಕೆ ಜಿಂಕೆ ಎರಡನ್ನೂ 1930ರ ದಶಕದಲ್ಲಿ ಇಲ್ಲಿ ತಂದು ಬಿಟ್ಟರು. ಹೊರಗಿನ ಪ್ರಾಣಿ ಅಂತ ಇವಕ್ಕೆ ಬೇಟೆಯ ಸೀಸನ್ ಇಲ್ಲ, ಜಮೀನಿನವನು ಹೇಳಿದ್ದೇ ಲೆಕ್ಕ. ಅದೇ ಬೇಲಿಯೊಳಗೆ ಓಡಾಡುವ ಸ್ಥಳೀಯ ಬಿಳಿಬಾಲದ ಜಿಂಕೆಗೆ ಮಾತ್ರ ಸೀಸನ್ ಉಂಟು, ಮಿತಿ ಉಂಟು.

ನೆಲ ಸುಣ್ಣಕಲ್ಲಿನದು, ಮಣ್ಣು ತೆಳು. ಹುಲ್ಲುಗಾವಲು, ನಡುನಡುವೆ ಲೈವ್ ಓಕ್ ಮರಗಳ ಗುಂಪು, ಮಿಕ್ಕಲ್ಲೆಲ್ಲ ಇಲ್ಲಿನವರು ಸೀಡರ್ ಅನ್ನುವ ಜೂನಿಪರ್ ಮರ. ಚಿಗರಿ ಬಯಲಲ್ಲಿ ಗಿಡ್ಡ ಹುಲ್ಲು ಮೇಯುತ್ತದೆ. ಬಿಳಿಬಾಲಕ್ಕೆ ಎಲೆ, ಚಿಗುರು, ಸಣ್ಣ ಗಿಡಗಳೇ ಬೇಕು, ಹುಲ್ಲಿನಿಂದ ಅದರ ಹೊಟ್ಟೆ ತುಂಬುವುದಿಲ್ಲ. ಚುಕ್ಕೆ ಜಿಂಕೆ ಎರಡೂ ಕಡೆ ಕೈ ಹಾಕುತ್ತದೆ: ಹುಲ್ಲು ಇರುವಷ್ಟು ದಿನ ಹುಲ್ಲು, ಅದು ಮುಗಿದರೆ ಎಲೆ. ಹೀಗಾಗಿ ಬರ ಬಂದರೆ ಮೊದಲು ಸೋಲುವುದು ಸ್ಥಳೀಯ ಬಿಳಿಬಾಲವೇ. 1970ರ ದಶಕದಲ್ಲಿ ಇಲ್ಲಿನದೇ ಕೆರ್ ವನ್ಯಜೀವಿ ಪ್ರದೇಶದಲ್ಲಿ 96 ಎಕರೆಗೆ ಬೇಲಿ ಹಾಕಿ 6 ಬಿಳಿಬಾಲ, ಚುಕ್ಕೆ ಜಿಂಕೆಯ ಹಾಗೆ ಹೊರಗಿನಿಂದ ಬಂದು ಹುಲ್ಲು-ಎಲೆ ಎರಡೂ ತಿನ್ನುವ 6 ಸಿಕಾ ಜಿಂಕೆ ಬಿಟ್ಟು ನೋಡಿದ್ದರು. ಕೆಲವೇ ವರ್ಷಗಳಲ್ಲಿ ಸಿಕಾ ಅರವತ್ತು ದಾಟಿತು, ಬಿಳಿಬಾಲ ಒಂದೂ ಉಳಿಯಲಿಲ್ಲ.

ಅದಕ್ಕೇ ನಾನು ಮೊದಲು ನೋಡುವುದು ಮರ, ಆಮೇಲೆ ಪ್ರಾಣಿ. ಓಕ್ ಮರದ ಕೆಳಗಿನ ಎಲೆಯೆಲ್ಲ ಎದೆಮಟ್ಟಕ್ಕೆ ಕತ್ತರಿ ಆಡಿಸಿದ ಹಾಗೆ ಸಮವಾಗಿದ್ದರೆ ಬಾಯಿಗಳು ಜಾಸ್ತಿಯಾಗಿವೆ ಅಂತಲೇ ಅರ್ಥ. ಹುಲ್ಲಿಗೆ ಇನ್ನೊಂದು ಉಪಾಯ ಇದೆ. ತಂತಿ ಜಾಲರಿಯನ್ನು ಸುತ್ತು ಮಾಡಿ ಬಯಲಲ್ಲಿ ಅಲ್ಲಲ್ಲಿ ನೆಟ್ಟಿದ್ದೇನೆ. ಒಳಗಿನ ಹುಲ್ಲು ಮೊಣಕಾಲಿಗೆ ಬಂದು ಹೊರಗಿನದು ನೆಲಕ್ಕೆ ಅಂಟಿಕೊಂಡಿದ್ದರೆ ಫೋಟೋ ತೆಗೆದು ಮಾಲೀಕನಿಗೆ ಕಳಿಸುತ್ತೇನೆ. ರಾತ್ರಿ ಲೈಟು ಹಾಯಿಸಿ ಮಾಡಿದ ಪ್ರಾಣಿಗಳ ಎಣಿಕೆಯನ್ನು ಅವನು ನಂಬದಿದ್ದರೂ ಫೋಟೋ ನಂಬುತ್ತಾನೆ.

ಕಷ್ಟ ಶುರುವಾಗುವುದು ಆಮೇಲೆ. ದುಡ್ಡು ತರುವುದು ಕೊಂಬಿನ ಗಂಡು, ಸಂಖ್ಯೆ ಬೆಳೆಸುವುದು ಹೆಣ್ಣು. ಚುಕ್ಕೆ ಜಿಂಕೆ ವರ್ಷವಿಡೀ ಮರಿ ಹಾಕುತ್ತದೆ. ಎಂಟು ಅಡಿ ಬೇಲಿಯೊಳಗೆ ಹುಲಿಯಿಲ್ಲ, ಚಿರತೆಯಿಲ್ಲ, ವಲಸೆ ಹೋಗಲು ದಾರಿಯೂ ಇಲ್ಲ. ಹೆಣ್ಣುಗಳನ್ನು ತೆಗೆಯಲೇಬೇಕು: ಕೆಲವನ್ನು ಮಾರುತ್ತೇವೆ, ಮಿಕ್ಕಿದ್ದನ್ನು ಮಾಂಸಕ್ಕೆ ಹೊಡೆಯುತ್ತೇವೆ. ಚಿಗರಿಯನ್ನು ಮುಟ್ಟಬಾರದು ಅಂತ ಕೇಳಿಕೊಂಡೇ ಬೆಳೆದವನಿಗೆ ಇದು ಸುಲಭವಲ್ಲ, ಈಗಲೂ ಅಲ್ಲ. ಆದರೆ ಮೇವು ಉದುರಿಸುವ ಫೀಡರ್‌ಗೆ ಸುಮ್ನೆ ಜೋಳ ಸುರಿಯುತ್ತಾ ಹೋಗಿ, ಬರಗಾಲದಲ್ಲಿ ಎಲುಬು ಕಾಣುವ ಹಿಂಡನ್ನು ನೋಡುತ್ತಾ ಕೂರುವವರನ್ನು ನಾನು ಪ್ರಾಣಿಪ್ರಿಯರು ಅಂತ ಒಪ್ಪುವುದಿಲ್ಲ.

ಮಾರುವುದಕ್ಕೆ ಹಿಡಿಯುವ ಕೆಲಸ ಚಳಿಗಾಲದ ಬೆಳಗ್ಗೆಯೇ ಆಗಬೇಕು. ಬಿಸಿಲಲ್ಲಿ ಅಟ್ಟಾಡಿಸಿದರೆ ಸ್ನಾಯು ಹಾಳಾಗಿ, ಸಿಕ್ಕಾಗ ಚೆನ್ನಾಗಿದ್ದ ಪ್ರಾಣಿ ಎರಡು ಮೂರು ದಿನ ಬಿಟ್ಟು ಸಾಯುತ್ತದೆ. ಬಲೆ ಬಿದ್ದ ಕೂಡಲೇ ಕಣ್ಣಿಗೆ ಬಟ್ಟೆ, ಆಮೇಲೆ ಯಾರೂ ಮಾತಾಡಬಾರದು. ಕಣ್ಣು ಮುಚ್ಚಿದ ಮೇಲೆ ಚಿಗರಿಯ ಒದ್ದಾಟ ಎಷ್ಟು ಬೇಗ ಇಳಿಯುತ್ತದೆ ಅಂದರೆ, ಮೊದಲ ಸಲ ನೋಡಿದವರು ಸತ್ತೇ ಹೋಯಿತೇನೋ ಅಂದುಕೊಳ್ಳುತ್ತಾರೆ.

ಬೇಲಿ ಎಷ್ಟೇ ಎತ್ತರ ಇರಲಿ, ಚಿಗರಿಗೆ ಅದು ಲೆಕ್ಕಕ್ಕಿಲ್ಲ. ಬಯಲಲ್ಲಿ ಅಷ್ಟೆತ್ತರ ಹಾರುವ ಪ್ರಾಣಿ ಬೇಲಿ ಕಂಡರೆ ಹಾರುವುದಿಲ್ಲ, ಕೆಳಗೆ ನುಸುಳುತ್ತದೆ. ದೊಡ್ಡ ಮಳೆ ಬಂದ ಮರುದಿನ ನಾನು ಮೊದಲು ಹೋಗುವುದು ಬೇಲಿ ಹಳ್ಳ ದಾಟುವ ಜಾಗಗಳಿಗೆ, ಅಲ್ಲಿ ನೀರು ಮಣ್ಣು ಕೊರೆದಿರುತ್ತದೆ.

ಇನ್ನು ಚಳಿ. ಚಿಗರಿಯ ಮೈಯಲ್ಲಿ ಕೊಬ್ಬು ಕಡಿಮೆ. 2021ರ ಫೆಬ್ರವರಿಯಲ್ಲಿ ಹಿಮಗಾಳಿ ಬೀಸಿ ದಿನಗಟ್ಟಲೆ ಎಲ್ಲ ಹೆಪ್ಪುಗಟ್ಟಿದಾಗ ಟೆಕ್ಸಸ್‌ನಲ್ಲಿ ಚಿಗರಿಗಳು, ಚುಕ್ಕೆ ಜಿಂಕೆಗಳು ರಾಶಿರಾಶಿ ಸತ್ತವು. ಹೀಗಾಗಿ ಸೀಡರ್ ಕಡಿಯುವಾಗ ಗಾಳಿಗೆ ಮರೆಯಾಗಿ ಬಿಡುವ ಜಾಗ ಯಾವುದು ಅಂತ ಮೊದಲೇ ಗುರುತು ಹಾಕುತ್ತೇವೆ. ಈ ಜಾತಿಯನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುವುದಿಲ್ಲ, ಆದ್ದರಿಂದ ಎಳೆಯ ಸೀಡರ್ ತೆಗೆದು ಹುಲ್ಲಿಗೆ ಜಾಗ ಮಾಡುವುದು ಸುಲಭ. ಹಳೆಯ ಮರಗಳ ತಂಟೆಗೆ ಹೋಗುವುದಿಲ್ಲ. ಅವುಗಳ ಸುಲಿದ ತೊಗಟೆಯಿಂದಲೇ ಬಂಗಾರ ಕೆನ್ನೆಯ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿ ಗೂಡು ಕಟ್ಟುತ್ತದೆ, ಟೆಕ್ಸಸ್ ಬಿಟ್ಟು ಬೇರೆಲ್ಲೂ ಅದು ಮರಿ ಮಾಡುವುದಿಲ್ಲ, ಕಾನೂನಿನ ರಕ್ಷಣೆಯೂ ಇದೆ. ಉತ್ತರದ ಗಾಳಿ ಶುರುವಾದರೆ ಚಿಗರಿಗಳಿಗೂ ಅದೇ ಮರೆ. ಒಣಹುಲ್ಲು, ಮೇವಿನ ಉಂಡೆ ಆಗ ಅಲ್ಲಿಗೇ ಹಾಕಿಸುತ್ತೇನೆ.