ಫೈಟರ್ ಮೀನು ಮಂಕಾದರೆ ಮೊದಲು ನೀರು ನೋಡಿ

ಬೆಟ್ಟಾ ಮೀನು, ಅಂಗಡಿಯವರ ಬಾಯಲ್ಲಿ ಫೈಟರ್, ಒಂದು ಹೊತ್ತು ತಿನ್ನದೆ ಮೂಲೆ ಹಿಡಿದರೆ ಸಾಕು, ಈಗಿನ ಹುಡುಗರು ನೀಲಿ ಔಷಧಿಯ (ಮೆಥಿಲೀನ್ ಬ್ಲೂ) ಬಾಟಲಿ ಬಗ್ಗಿಸಿಬಿಡುತ್ತಾರೆ. ಮರುದಿನ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ ನಲ್ಲಿಯಿಂದ ಹೊಸದು ತುಂಬುತ್ತಾರೆ. ಮೂರನೆಯ ದಿನಕ್ಕೆ ಮೀನು ಮಗುಚಿಕೊಂಡಿರುತ್ತದೆ. ಆಮೇಲೆ ‘ಏನು ರೋಗವೋ ಗೊತ್ತೇ ಆಗಲಿಲ್ಲ’ ಅಂತ ರಾಗ. ನೋಡಿದ್ದರೆ ತಾನೆ ಗೊತ್ತಾಗುವುದು!

ಕಾಳು ಹಾಕುವ ಮುಂಚೆ ಒಂದು ನಿಮಿಷ ನಿಂತು ನೋಡಿ. ಎಲೆಯ ಮೇಲೆ ಒರಗಿದ್ದರೆ ಅದು ನಿದ್ದೆ, ಗಾಬರಿ ಬೇಡ. ನೀರಿನ ಮೇಲೆ ನೊರೆ ಇದ್ದರೆ ಗಂಡು ಗೂಡು ಕಟ್ಟಿದೆ ಅಷ್ಟೆ, ಕೊಳೆ ಅಂತ ಬಳಿದು ತೆಗೆಯಬೇಡಿ. ರೆಕ್ಕೆಯನ್ನು ಒದ್ದೆ ಕೊಡೆಯ ಹಾಗೆ ಮಡಚಿಕೊಂಡು, ಕರೆದರೂ ಬಾರದೆ, ಮತ್ತೆ ಮತ್ತೆ ಮೇಲೆ ಬಂದು ಗಾಳಿ ನುಂಗುತ್ತಿದ್ದರೆ ಮೈ ಸರಿಯಿಲ್ಲ. ಬಾಲದ ಅಂಚು ಕರಗಿದಂತೆ ಕಪ್ಪಗೋ ಕೆಂಪಗೋ ಆಗಿದ್ದರೆ ರೆಕ್ಕೆ ಕೊಳೆಯುತ್ತಿದೆ. ನೇರವಾಗಿ ಸೀಳಿದ್ದರೆ ಅದು ರೋಗವಲ್ಲ, ಚೆಂದಕ್ಕೆ ತಂದಿಟ್ಟ ಪ್ಲಾಸ್ಟಿಕ್ ಗಿಡದ ಕೆಲಸ. ಮೈಮೇಲೆ ಪುಡಿ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಯಿದ್ದರೆ ಇಕ್ ಎಂಬ ಕ್ರಿಮಿರೋಗ. ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಬಿಟ್ಟಾಗ ಅರಿಶಿನದ ಧೂಳು ಮೆತ್ತಿದಂತೆ ಹೊಳೆದರೆ ವೆಲ್ವೆಟ್, ಅದೂ ಕ್ರಿಮಿಯದೇ ಕಾಟ. ಹೊಟ್ಟೆ ಉಬ್ಬಿದ್ದರೆ ಮೇಲಿನಿಂದ ಬಗ್ಗಿ ನೋಡಿ: ಹುರುಪೆಗಳು ಅನಾನಸ್ ಸಿಪ್ಪೆಯ ಹಾಗೆ ನಿಗುರಿ ನಿಂತಿದ್ದರೆ ಡ್ರಾಪ್ಸಿ, ಅಂದರೆ ಮೈಯೊಳಗೆ ನೀರು ತುಂಬುವ ಕಾಯಿಲೆ, ಉಳಿಯುವುದು ಅಪರೂಪ. ಹುರುಪೆ ನಯವಾಗಿದ್ದರೆ ಹೊಟ್ಟೆ ಕಟ್ಟಿದೆ. ಅದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟು, ನೀವೋ ಚಿಟಿಕೆಗಟ್ಟಲೆ ಸುರಿಯುತ್ತೀರಿ. ಎರಡು ದಿನ ಉಪವಾಸ ಹಾಕಿ. ಬಟಾಣಿ ಬೇಯಿಸಿ ತಿನ್ನಿಸಬೇಡಿ, ಅದು ಹುಳ ತಿನ್ನುವ ಜೀವ.

ಹೆಚ್ಚಿನ ಕಾಯಿಲೆ ಶುರುವಾಗುವುದು ನೀರಿನಿಂದ. ಹಿಂದೆ ಸೊಳ್ಳೆಮರಿ ತಿನ್ನಲಿ ಅಂತ ಬಾವಿಗೂ ಕಲ್ಲುತೊಟ್ಟಿಗೂ ಮೀನು ಬಿಡುತ್ತಿದ್ದರು. ಅವಕ್ಕೆ ಯಾರು ಔಷಧಿ ಹಾಕಿದರು? ನೀರು ಹೆಚ್ಚು, ಮೀನು ಕಡಿಮೆ, ಅಷ್ಟೇ ಗುಟ್ಟು. ಈಗ ಹೂಜಿಯಷ್ಟು ಗಾಜಿನ ಬುಂಡೆಯಲ್ಲಿ ಇಡುತ್ತೀರಿ. ಉಳಿದ ಕಾಳು ಕೊಳೆತು ಅಮೋನಿಯ ಏರಿ ಕಿವಿರು ಸುಡುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ಬೆಳ್ಳಗೆ ಮಾಡುವವರಂತೂ ದೋಸೆ ಕಾವಲಿಗೆ ಸೋಪು ಹಾಕುವ ಜಾತಿ. ಕಾವಲಿಯ ಪಸೆ ಹೋದರೆ ದೋಸೆ ಏಳುವುದಿಲ್ಲ. ಸ್ಪಂಜಿನ ಲೋಳೆಯಲ್ಲಿರುವ ಬ್ಯಾಕ್ಟೀರಿಯವೇ ಅಮೋನಿಯ ಕಳೆಯುವುದು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ, ಸಾಕು.

ಕಾಯಿಲೆ ಕಂಡ ದಿನದಿಂದ ಒಂದು ವಾರ, ದಿನಾ ಕಾಲು ಭಾಗ ನೀರು ಬದಲಿಸಿ. ಹೊಸ ನೀರಿಗೆ ನಲ್ಲಿನೀರಿನ ಕ್ಲೋರಿನ್ ಕಳೆಯುವ ಆಂಟಿಕ್ಲೋರಿನ್ ಹನಿ ಹಾಕಿ, ಎರಡು ನೀರಿಗೂ ಕೈಯಿಟ್ಟು ಬಿಸಿ ಒಂದೇ ಇದೆಯಾ ಅಂತ ನೋಡಿ. ಇದಕ್ಕೆ 25ರಿಂದ 28 ಡಿಗ್ರಿ ಬೇಕು; ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಹೀಟರ್ ಇಲ್ಲದೆ ಆಗದು. ರೆಕ್ಕೆ ಕೊಳೆತರೆ ಬೇರೆ ಟಬ್ಬಿನಲ್ಲಿ ಗೇಣಿಗಿಂತ ಕಡಿಮೆ ನೀರು ಹಾಕಿ. ಸುಸ್ತಾದ ಮೀನು ಗಾಳಿಗೆ ದೂರ ಏರಬಾರದು. 4 ಲೀಟರಿಗೆ ಒಂದು ಟೀ ಚಮಚ ಮಟ್ಟ ಅಯೋಡಿನ್ ಇಲ್ಲದ ಉಪ್ಪನ್ನು ಲೋಟದಲ್ಲಿ ಕದಡಿ, ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ, ಬದಲಿಸಿದ ನೀರಿಗೆ ಮಾತ್ರ ಮತ್ತೆ ಹಾಕಿ. ಹತ್ತು ದಿನ ದಾಟಿಸಬೇಡಿ.

ಇನ್ನು ಕಾಡುಬಾದಾಮಿ ಎಲೆ. ಇದೊಂದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಥಾಯ್ಲೆಂಡಿನಲ್ಲಿ ಫೈಟರ್ ಸಾಕುವವರೂ ಇದೇ ಎಲೆ ಹಾಕುತ್ತಾರೆ, ಅಲ್ಲಿನ ಜೌಗು ಗದ್ದೆಯ ಮೀನಿಗೆ ಚಹಾಬಣ್ಣದ ನೀರೇ ತವರು. ಮರದಿಂದ ಹಸಿರೆಲೆ ಕೀಳಬೇಡಿ. ಕೆಂಪಾಗಿ ತಾನೇ ಉದುರಿದ್ದನ್ನು ಆರಿಸಿ, ಅದೂ ಬಸ್ಸಿನ ಹೊಗೆ ಕುಡಿದ ರಸ್ತೆಬದಿಯದಲ್ಲ, ಔಷಧಿ ಹೊಡೆದ ತೋಟದ್ದೂ ಅಲ್ಲ. ಬೆನ್ನ ಕಡೆಯ ನರಗಳ ಸಂದಿಯಲ್ಲಿ ಹುಳದ ಮೊಟ್ಟೆ ಕೂತಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬರೀ ನೀರಲ್ಲಿ ಉಜ್ಜಿ. ನೆರಳಲ್ಲಿ ಹರಡಿ, ಹಪ್ಪಳದ ಹಾಗೆ ಮುರಿದಾಗ ಟಪ್ಪೆನ್ನುವ ತನಕ ಒಣಗಿಸಿ. ಮೆತ್ತಗಿರುವಾಗಲೇ ಡಬ್ಬಿಗೆ ತುಂಬಿದರೆ ಬೂಸಲು ಹಿಡಿಯುತ್ತದೆ. ಅಂಗೈಯಗಲದ ಒಂದು ಎಲೆಗೆ ಕುದಿನೀರು ಸುರಿದು, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಸಿ, ತೊಟ್ಟಿಯ ನೀರು ತೆಳು ಚಹಾದ ಬಣ್ಣಕ್ಕೆ ಬರುವಷ್ಟು ಮಾತ್ರ ಹಾಕಿ. ಡಿಕಾಕ್ಷನ್ ಆಗಬಾರದು. ಫಿಲ್ಟರಿನಲ್ಲಿ ಇದ್ದಿಲಿದ್ದರೆ ತೆಗೆದಿಡಿ, ಬಣ್ಣವನ್ನೆಲ್ಲ ಅದೇ ಕುಡಿಯುತ್ತದೆ. ಎಲೆ ಬರೀ ಆರೈಕೆ. ಇಕ್ಕನ್ನೋ ವೆಲ್ವೆಟ್ಟನ್ನೋ ಅದೊಂದೇ ಓಡಿಸದು.

ಅವೆರಡಕ್ಕೆ ಅಂಗಡಿ ಔಷಧಿಯೇ ಬೇಕು. ಇಕ್ಕಿನ ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬೇಡಿ. ಮೀನಿನ ಮೈಬಿಟ್ಟು ತಳಕ್ಕೆ ಬಿದ್ದ ಕ್ರಿಮಿ ಒಡೆದು ಮರಿಗಳು ಈಜುವಾಗಲೇ ಔಷಧಿ ತಾಗುವುದು. ವೆಲ್ವೆಟ್ಟಾದರೆ ದೀಪವನ್ನೂ ಆರಿಸಿಡಿ, ಆ ಕ್ರಿಮಿ ಬೆಳಕು ಉಂಡು ಬೆಳೆಯುತ್ತದೆ. ನೀಲಿ ಔಷಧಿ ಮಾತ್ರ ಟಬ್ಬಿನಲ್ಲೇ ಇರಲಿ, ತೊಟ್ಟಿಗೆ ಬಿದ್ದರೆ ಗಿಡವೂ ಸ್ಪಂಜಿನ ಲೋಳೆಯೂ ಹಾಳು.

ತೊಟ್ಟಿಯಿಂದ ತೆಗೆದ ನೀರನ್ನು ಮೋರಿಗೆ ಚೆಲ್ಲದೆ ಕರಿಬೇವಿನ ಬುಡಕ್ಕೆ ಹಾಕಿ. ಉಪ್ಪೋ ಔಷಧಿಯೋ ಬಿದ್ದ ಟಬ್ಬಿನ ನೀರು ಬೇಡ.