ನಾಯಿಯ ಬಾಲ ಮಾತ್ರ ನೋಡಿದರೆ ಸಾಲದು

ಕಾಸರಗೋಡು ಕಡೆಯ ತೋಟದ ಮನೆಗಳಲ್ಲಿ ಮೊದಲು ಎದುರಾಗುವುದು ನಾಯಿ. ಗೇಟಿನ ಹೊರಗೆ ನಿಂತು "ಕಚ್ತದಾ?" ಅಂತ ಕೇಳಿದರೆ ಒಳಗಿನಿಂದ ಬರುವ ಉತ್ತರ ಒಂದೇ: "ಇಲ್ಲ, ಅದು ಏನೂ ಮಾಡ್ಲಿಕ್ಕಿಲ್ಲ, ಬನ್ನಿ." ಮನೆಯವರಿಗೆ ಏನೂ ಮಾಡುವುದಿಲ್ಲ, ನಿಜ. ನಿಮ್ಮ ಬಗ್ಗೆ ಅದಕ್ಕೆ ಏನನ್ನಿಸಿದೆ ಅನ್ನುವುದನ್ನು ಅದರ ಮೈ ನೋಡಿಯೇ ತಿಳಿಯಬೇಕು.

ಮೊದಲು ದೂರದಲ್ಲೇ ನಿಂತು ಇಡೀ ಮೈ ನೋಡಿ. ಸೊಂಟ ಸಮೇತ ಬಳುಕುತ್ತಾ ಬರುವ ನಾಯಿ ಖುಷಿಯಲ್ಲಿದೆ. ಮೈ ಬಿಗಿ ಹಿಡಿದು, ಭಾರವನ್ನೆಲ್ಲ ಮುಂಗಾಲಿಗೆ ಹಾಕಿ ನಿಂತಿದ್ದರೆ ನೀವೂ ಅಲ್ಲೇ ನಿಲ್ಲಿ.

ಆಮೇಲೆ ಬಾಲ. ಅಲ್ಲಾಡಿಸಿದ ಮಾತ್ರಕ್ಕೆ ಪ್ರೀತಿ ಅಂತಲ್ಲ. ಬಾಲ ಎತ್ತರಕ್ಕೆ ಸೆಟೆದು ತುದಿ ಮಾತ್ರ ಚುರುಕಾಗಿ ಆಡುತ್ತಿದ್ದರೆ ಹುಷಾರು. ಕಾಲ ಸಂದಿಗೆ ಸೇರಿದ್ದರೆ ಹೆದರಿಕೆ. ಊರ ನಾಯಿಗಳಲ್ಲಿ ಎಷ್ಟೋ ಬಾಲ ಹುಟ್ಟಿನಿಂದಲೇ ಸುರುಳಿ, ಹಾಗಾಗಿ ಆ ನಾಯಿ ಸುಮ್ಮನಿರುವಾಗ ಬಾಲ ಹೇಗಿರುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. 2007ರಲ್ಲಿ ಇಟಲಿಯ ವಿಜ್ಞಾನಿಗಳು 30 ನಾಯಿಗಳನ್ನು ಗಮನಿಸಿದ್ದರು. ಯಜಮಾನರನ್ನು ಕಂಡಾಗ ಬಾಲ ಬಲಕ್ಕೆ ಜಾಸ್ತಿ ಬೀಸಿತ್ತು, ಅಪರಿಚಿತ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ಗೇಟಿನಲ್ಲಿ ನಿಂತು ಅಷ್ಟೆಲ್ಲ ಅಳೆಯಲಿಕ್ಕೆ ಆಗುವುದಿಲ್ಲ ಬಿಡಿ.

ಹೆಚ್ಚು ಹೊತ್ತು ನೋಡಬೇಕಾದ್ದು ಮುಖವನ್ನು. ಜಗಲಿಯಲ್ಲಿ ಮಗು ನಾಯಿಯ ಕುತ್ತಿಗೆ ತಬ್ಬಿಕೊಂಡಿದೆ, ದೊಡ್ಡವರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಾರೆ. ಆ ಫೋಟೋವನ್ನು ದೊಡ್ಡದು ಮಾಡಿ ನೋಡಿ. ನಾಯಿ ಬಾಯಿ ಮುಚ್ಚಿದೆ. ಮುಖ ಆಚೆ ತಿರುಗಿದೆ, ಕಣ್ಣಿನಂಚಿನಲ್ಲಿ ಬಿಳಿ ಕಾಣುತ್ತಿದೆ, ಕಿವಿ ಹಿಂದಕ್ಕೆ ಅಂಟಿದೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ. ಅದಕ್ಕೆ ಸಾಕಾಗಿದೆ, ಬಿಟ್ಟುಬಿಡಿ ಅನ್ನುತ್ತಿದೆ. ಆಗಲೇ ಮಗುವನ್ನು ಕರೆದರೆ ಮುಂದಿನದು ತಪ್ಪುತ್ತದೆ.

ಈ ಸೂಚನೆಗಳನ್ನು ಯಾರೂ ಗಮನಿಸದಿದ್ದರೆ ನಾಯಿ ಗುರ್ ಅನ್ನುತ್ತದೆ. ಗುರ್ ಅಂದದ್ದಕ್ಕೆ ಹೊಡೆಯಬೇಡಿ. ಪೆಟ್ಟು ತಿಂದ ನಾಯಿ ಗುರ್ ಅನ್ನುವುದನ್ನು ಬಿಡಬಹುದು, ಸಿಟ್ಟನ್ನಲ್ಲ. ಆಮೇಲೆ ಸದ್ದಿಲ್ಲದೆ ಕಚ್ಚುತ್ತದೆ.

ಬೆನ್ನ ಕೂದಲು ಎದ್ದರೆ ಸಿಟ್ಟೇ ಅಂತಿಲ್ಲ, ಹೆದರಿಕೆ, ಉದ್ವೇಗ ಯಾವುದೂ ಇರಬಹುದು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿದರೆ ಆಟಕ್ಕೆ ಕರೆದ ಹಾಗೆ. ಹೊಟ್ಟೆ ಮೇಲೆ ಮಾಡಿ ಮಲಗಿದ್ದು ಮಾತ್ರ ಮೋಸ ಮಾಡುತ್ತದೆ: ಮೈ ಸಡಿಲ ಇದ್ದರೆ ತುರಿಸಿ, ಬಿಗಿಯಾಗಿ ಬಾಲ ಒಳಗೆ ಸೇರಿದ್ದರೆ ಮುಟ್ಟಬೇಡಿ.

ಕುಂಬಳೆ ಜಾತ್ರೆಯಲ್ಲಿ ಬೆಡಿ, ಅಂದರೆ ಸಿಡಿಮದ್ದು, ಸಿಡಿಸುವ ರಾತ್ರಿ, ಇಲ್ಲವೇ ಮಳೆಗಾಲದ ಗುಡುಗಿಗೆ, ಮಂಚದಡಿ ನಡುಗುತ್ತಾ ಏದುಸಿರು ಬಿಡುವ ನಾಯಿಯನ್ನು ಎಳೆದು ಹೊರತರಬೇಡಿ. ಹತ್ತಿರ ಬಂದರೆ ಸವರಿ. ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಮ್ನೆ ಮಾತು.

ದಾರಿಯಲ್ಲಿ ನಾಯಿ ಸೆಟೆದು ನಿಂತರೆ ಓಡಬೇಡಿ, ಕಣ್ಣಿಗೆ ಕಣ್ಣು ಕೊಡಬೇಡಿ. ಮೈ ಸ್ವಲ್ಪ ಓರೆ ಮಾಡಿ, ಕೈ ಕೆಳಗೆ ಬಿಟ್ಟು, ನಿಧಾನ ಹಿಂದೆ ಸರಿಯಿರಿ. ಹಾಗೂ ಕಚ್ಚಿದರೆ, ಪರಚಿದರೂ ಅಷ್ಟೇ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಿರಿ. ಸುಣ್ಣ, ಮೆಣಸಿನ ಹುಡಿ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.